ಒಂದು ಮೊಳದ ದಾರಿ

ಅರ್ಧ ಇಂಚಿನ ಪ್ಲಗ್ಗಿನಲ್ಲಿ ಅರ್ಧ ಇಂಚು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಅರ್ಧ ಇಂಚಿಂದು ಒಂದು ಪ್ಲಗ್ ಕೊಡಿ’ ಅಂದರೆ ಅಂಗಡಿಯವರು ತಲೆ ಎತ್ತದೆ ಡಬ್ಬಿಗೆ ಕೈಹಾಕಿ ಕೊಡುತ್ತಾರೆ. ಮನೆಗೆ ತಂದು ಸ್ಕೇಲು ಹಿಡಿದರೆ ಥ್ರೆಡ್ಡಿನ ಅಡ್ಡಳತೆ ಹತ್ತಿರ ಹತ್ತಿರ 21 ಮಿಲಿಮೀಟರು, ಮುಕ್ಕಾಲು ಇಂಚಿಗಿಂತಲೂ ಹೆಚ್ಚು. ಉದ್ದ ಬೇರೆ, ತಲೆಯ ಚೌಕ ಬೇರೆ. ಎಲ್ಲಿ ಅಳೆದರೂ ಅರ್ಧ ಇಂಚು ಬರುವುದಿಲ್ಲ. ಅದು ಒಂದು ಕಾಲದ ಕಬ್ಬಿಣದ ಪೈಪಿನೊಳಗಿನ ತೂತಿನ ಅಳತೆ. ಆಗ ಪೈಪಿನ ಗೋಡೆ ದಪ್ಪವಿತ್ತು. ಬರಬರುತ್ತ ಗೋಡೆ ತೆಳುವಾಯಿತು, ತೂತು ಹಿಗ್ಗಿತು. ಹೊರಗಿನ ಥ್ರೆಡ್ಡು ಮಾತ್ರ ಹಳೆಯ ಜೋಡಣೆಗಳಿಗೆ ಹೊಂದಬೇಕಾದ್ದರಿಂದ ಕದಲದೆ ಉಳಿಯಿತು. 1956ರ ಕಾಯ್ದೆ ಬಂದು ನಮ್ಮಲ್ಲಿ ಹಾಲು ಲೀಟರಾಯಿತು, ಬಟ್ಟೆ ಮೀಟರಾಯಿತು, ಬೆಲ್ಲ ಕಿಲೋ ಆಯಿತು. ನಲ್ಲಿ ಮಾತ್ರ ಇವತ್ತಿಗೂ ಇಂಚಿನಲ್ಲೇ ಇದೆ.

ಆ ಥ್ರೆಡ್ಡಿನ ಆಕಾರದ ಹಿಂದೆ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ ಇದ್ದಾನೆ. ಅವನ ಕಾಲದಲ್ಲಿ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂರುತ್ತಿರಲಿಲ್ಲ. ಅವನು ದೇಶದ ದೊಡ್ಡ ದೊಡ್ಡ ಕಾರ್ಖಾನೆಗಳಿಂದ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಎಲ್ಲರಿಗೂ ಒಂದೇ ಅಳತೆ ಸಾಕು ಎಂದು ಸೂಚಿಸಿದ. ಹಲ್ಲಿನ ಕೋನ 55 ಡಿಗ್ರಿ, ಹಲ್ಲಿನ ತುದಿಯೂ ಬುಡವೂ ದುಂಡಗೆ. ಅರ್ಧ ಇಂಚಿನ ಪೈಪಿಗೆ ಒಂದಿಂಚಿಗೆ 14 ಸುತ್ತು. ಹಾವೇರಿ ಕಡೆಯ ಹಳ್ಳಿಯ ಬಚ್ಚಲುಮನೆಯ ನಲ್ಲಿಯಲ್ಲಿ ಇರುವುದೂ ಇದೇ. ಯಾರೂ ಕಣ್ಣಲ್ಲಿ ಕಾಣದ, ಎಂದೋ ಸತ್ತುಹೋದ ನೂರಾರು ಲೇತ್ ಕೆಲಸಗಾರರ ಕೈರೂಢಿಯ ಸರಾಸರಿ ನಮ್ಮ ಬಚ್ಚಲಿನಲ್ಲಿ ನೀರು ಹಿಡಿದುಕೊಂಡು ನಿಂತಿದೆ. ಶಾಸನಗಳಿಗೆ ಕೊಡುವ ಗೌರವದಲ್ಲಿ ಒಂದು ಪಾಲನ್ನಾದರೂ ಇದಕ್ಕೆ ಕೊಡಬಹುದು ಅನ್ನಿಸುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಚರಿತ್ರೆಯಲ್ಲ. ಪೈಪಿನ ಪ್ಲಗ್ಗು ಬೋಲ್ಟಿನಂತೆ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ, ತುದಿಯತ್ತ ಸಣ್ಣಗಾಗುತ್ತ ಹೋಗುತ್ತದೆ. ಹದಿನಾರು ಪಾಲು ಉದ್ದಕ್ಕೆ ಒಂದು ಪಾಲು ದಪ್ಪ ಕಡಿಮೆ. ತಿರುಗಿಸಿದಷ್ಟೂ ಅದು ತೂತಿನೊಳಗೆ ಬೆಣೆಯಂತೆ ಕಚ್ಚುತ್ತದೆ. ಹೀಗೆ ಕಚ್ಚಿದ ಮೇಲೆ ನೀರು ಹೊರಬರಲು ಎಡೆಯೇ ಇರಲಾರದು ಎಂದು ನಾವು ಅಂದುಕೊಳ್ಳುತ್ತೇವೆ. ಎಡೆ ಇರುತ್ತದೆ. ಎಷ್ಟೇ ಬಿಗಿದರೂ ಒಂದರ ಹಲ್ಲಿನ ತುದಿ ಇನ್ನೊಂದರ ಬುಡಕ್ಕೆ ಪೂರ್ತಿ ತಾಗುವುದಿಲ್ಲ. ಹಲ್ಲುಗಳ ಪಕ್ಕೆ ಪಕ್ಕೆ ಒತ್ತಿಕೊಂಡು ನಿಲ್ಲುತ್ತವೆ, ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಸಂದು ಉಳಿದುಬಿಡುತ್ತದೆ. ಸಂದು ಅಂದರೆ ಒಂದು ಚುಕ್ಕೆಯಲ್ಲ, ಥ್ರೆಡ್ಡಿನ ಜೊತೆಗೇ ಸುತ್ತಿ ಸುತ್ತಿ ಹೊರಗಿನಿಂದ ಒಳಗಿನವರೆಗೆ ಹೋಗುವ ಒಂದು ಓಣಿ. ಅರ್ಧ ಇಂಚಿನ ಪ್ಲಗ್ಗು ಆರೇಳು ಸುತ್ತು ಕೂತಿದೆ ಅಂತಿಟ್ಟುಕೊಳ್ಳಿ. ಒಂದು ಸುತ್ತಿಗೆ ಆರೂವರೆ ಸೆಂಟಿಮೀಟರು ಹಿಡಿದರೆ ಒಟ್ಟು ನಲವತ್ತು ಸೆಂಟಿಮೀಟರು ದಾಟುತ್ತದೆ. ಬೆರಳಿನ ಒಂದು ಗೆಣ್ಣಿನಷ್ಟೂ ಆಳವಿಲ್ಲದ ತೂತಿನೊಳಗೆ ಹೆಚ್ಚುಕಡಿಮೆ ಒಂದು ಮೊಳದ ದಾರಿ ಸುರುಳಿ ಸುತ್ತಿಕೊಂಡು ಕೂತಿರುತ್ತದೆ! ಪ್ಲಂಬರುಗಳು ಸೆಣಬಿನ ನಾರು ಸುತ್ತಿ ಸಫೇದಾ ಬಳಿಯುವುದು, ಈಗೀಗ ಬಿಳಿ ಟೇಪು ಸುತ್ತುವುದು, ಎಲ್ಲವೂ ಈ ದಾರಿಯನ್ನು ಮುಚ್ಚುವುದಕ್ಕೆ. ಬಿಗಿತ ನೀರು ನಿಲ್ಲಿಸುವುದಿಲ್ಲ, ನಾರು ನಿಲ್ಲಿಸುತ್ತದೆ. ನಾರು ಜಾರದಂತೆ ಅದುಮಿ ಹಿಡಿಯುವುದಷ್ಟೇ ಬಿಗಿತದ ಕೆಲಸ.

ಈ ಲೆಕ್ಕ ತಲೆಗೆ ಹತ್ತಿದ್ದು ಗದಗ ಸೀಮೆಯ ಒಂದು ಹಿಟ್ಟಿನ ಗಿರಣಿಯಲ್ಲಿ. ಅಲ್ಲಿ ಮೂಲೆಯಲ್ಲಿ ಬಹಳ ವರ್ಷ ಸುಮ್ಮನೆ ಕೂತಿದ್ದ ಒಂದು ಆಯಿಲ್ ಎಂಜಿನ್ನು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಲ್ಲಿ ಲಿಸ್ಟರ್ ಕಂಪನಿ 1930ರ ಆಸುಪಾಸಿನಲ್ಲಿ ತಂದ ಮಾದರಿಯನ್ನು ನೋಡಿಕೊಂಡು ರಾಜಕೋಟ್‌ನಲ್ಲಿ ಎರಕ ಹೊಯ್ದದ್ದು. ಒಂದೇ ಸಿಲಿಂಡರು, ಆರು ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು. ಎರಡು ಸುತ್ತಿಗೊಮ್ಮೆ ಹೊತ್ತಿಕೊಳ್ಳುವುದರಿಂದ ಸೆಕೆಂಡಿಗೆ ಐದು ಬಡಿತಕ್ಕಿಂತ ಸ್ವಲ್ಪ ಹೆಚ್ಚು. ಕರೆಂಟು ಬರುವ ಮೊದಲು ಇಂಥ ಎಂಜಿನ್ನಿನ ಟುಕ್ಕು ಟುಕ್ಕು ಕೇಳಿಯೇ ಹೆಂಗಸರು ಜೋಳದ ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದರು. ಗಿರಣಿಯವರ ಮಗನಿಗೆ ಅದನ್ನು ಮತ್ತೆ ಹಚ್ಚಿ ನೋಡುವ ಹುಚ್ಚು. ಲಾಭವೇನೂ ಇಲ್ಲ. ಹುಚ್ಚಿಗೆ ಲಾಭ ಕೇಳಬಾರದು.

ಎಂಜಿನ್ನನ್ನು ತಣ್ಣಗಿಡುವುದು ಸಿಲಿಂಡರಿನ ಸುತ್ತಲಿನ ನೀರು. ಪಂಪು ಗಿಂಪು ಏನೂ ಇಲ್ಲ. ಕಾದ ನೀರು ತಾನೇ ಹಗುರಾಗಿ ಮೇಲೇರಿ ಪಕ್ಕದ ಟಾಕಿಗೆ ಹೋಗುತ್ತದೆ, ತಣ್ಣನೆಯದು ಕೆಳಗಿನಿಂದ ಬಂದು ಆ ಜಾಗ ತುಂಬುತ್ತದೆ. ಆ ಸೀಮೆಯ ಬಾವಿನೀರು ಗಡಸು. ಕಾಯಿಸಿದಾಗಲೆಲ್ಲ ಅದರೊಳಗಿನ ಸುಣ್ಣ ಬಿಟ್ಟುಕೊಂಡು ಗೋಡೆಗೆ ಅಂಟುತ್ತದೆ, ತಳದಲ್ಲಿ ಕೆಸರಾಗಿ ಕೂರುತ್ತದೆ. ಅದನ್ನು ತೊಳೆದು ಹರಿಯಬಿಡಲಿಕ್ಕೆಂದೇ ಬುಡದಲ್ಲಿ ಒಂದು ಪ್ಲಗ್ಗು. ಅದನ್ನು ಕೂರಿಸಿದವರು ತೆಗೆಯುವ ದಿನವನ್ನು ಮನಸ್ಸಿನಲ್ಲಿಟ್ಟೇ ಕೂರಿಸಿದ್ದಾರೆ, ಇಲ್ಲದಿದ್ದರೆ ಅಲ್ಲಿ ತೂತನ್ನೇ ಬಿಡುತ್ತಿರಲಿಲ್ಲ. ತೆಗೆಯಬೇಕಾದವರು ತೆಗೆಯದೆ ಬಿಟ್ಟರು. ಚೌಕ ತಲೆಯ ಒಂದು ಮೂಲೆ ಆಗಲೇ ಸವೆದು ದುಂಡಗಾಗಿತ್ತು. ಹಿಂದೆ ಯಾರೋ ಪಾನಾ ಹಾಕಿ ಜಗ್ಗಿ ಸೋತ ಗುರುತು.

ಗಿರಣಿಯವರ ಮಗ ಪಾನಾದ ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿಕೊಂಡು ಸಿದ್ಧವಾಗಿಯೇ ನಿಂತಿದ್ದ. ಮಿಸ್ತ್ರಿ ಬಂದವರೇ ಮೊದಲು ಅದನ್ನು ಇಸಿದುಕೊಂಡು ಗೋಡೆಗೆ ಆನಿಸಿದರು.

“ಜಗ್ಗಾಡಬ್ಯಾಡ ತಮ್ಮಾ. ಪ್ಲಗ್ ಮುರದ್ರ ಇನ್ನೊಂದು ಬರ್ತೈತಿ. ಬ್ಲಾಕ್ ಸೀಳಿದ್ರ ಎಲ್ಲಿಂದ ತರ್ತಿ?”

ಹೌದು, ಬೀಡು ಬಾಗುವ ಜಾತಿಯಲ್ಲ. ಎರಕದ ಕಬ್ಬಿಣದೊಳಗೆ ಇಂಗಾಲ ಸಣ್ಣ ಸಣ್ಣ ಚಕ್ಕೆಗಳಾಗಿ ಹರಡಿಕೊಂಡಿರುತ್ತದೆ. ಒತ್ತಿದರೆ ಆನೆಯ ಭಾರ ಹೊರುತ್ತದೆ, ಎಳೆದರೆ ಆ ಚಕ್ಕೆಗಳ ಗುಂಟವೇ ಬಿರುಕು ಓಡುತ್ತದೆ. ಬಲವಿದ್ದವನಿಗೆ ಬಲ ತೋರಿಸಲು ಅಲ್ಲಿ ಅವಕಾಶವಿಲ್ಲ.

ಇಷ್ಟಕ್ಕೂ ಅದನ್ನು ಹಿಡಿದುಕೊಂಡಿದ್ದದ್ದು ಏನು? ತುಕ್ಕು ಅಂದುಬಿಡುವುದು ಸುಲಭ. ತುಕ್ಕು ಅಂದರೆ ಕಬ್ಬಿಣ ತಿಂದುಹೋಗಿ ಸಣ್ಣಗಾಗುವುದು ಎಂದೇ ನಾವು ತಿಳಿದಿರುವುದು. ಹಾಗಿದ್ದರೆ ಪ್ಲಗ್ಗು ಸಡಿಲವಾಗಬೇಕಿತ್ತಲ್ಲ? ಕಬ್ಬಿಣ ಗಾಳಿ ನೀರಿನೊಂದಿಗೆ ಸೇರಿ ತುಕ್ಕಾಗುವಾಗ ತಾನಿದ್ದ ಜಾಗದ ಎರಡರಷ್ಟರಿಂದ ಆರರಷ್ಟರವರೆಗೆ ಜಾಗ ಬೇಡುತ್ತದೆ. ಮನೆಯ ತಾರಸಿಯಲ್ಲಿ ಸರಳು ತುಕ್ಕು ಹಿಡಿದು ಕಾಂಕ್ರೀಟನ್ನೇ ಒಡೆದು ಉದುರಿಸುವುದು ಇದೇ ಬಲದಿಂದ. ಬಯಲಲ್ಲಿ ಬಿದ್ದ ಕಬ್ಬಿಣದ ತುಕ್ಕಿಗೆ ಹಿಗ್ಗಲು ಜಾಗವಿದೆ, ಆದ್ದರಿಂದ ಪುಡಿಯಾಗಿ ಉದುರುತ್ತದೆ. ಥ್ರೆಡ್ಡಿನ ಓಣಿಯಲ್ಲಿ ಹಿಗ್ಗಲು ಜಾಗವೇ ಇಲ್ಲ. ಹಲ್ಲು ಹಲ್ಲಿನ ನಡುವೆ ಅದು ತನ್ನನ್ನು ತಾನೇ ಗಿಡಿದುಕೊಳ್ಳುತ್ತದೆ. ನೆಲದೊಳಗಿನ ಅದಿರಿನಿಂದ ಬೆಂಕಿ ಹಾಕಿ ಬಿಡಿಸಿ ತಂದ ಲೋಹ ಮತ್ತೆ ಅದಿರಿನತ್ತ ಹೊರಟಿದೆ, ಹೊರಟ ದಾರಿಯಲ್ಲಿ ಎರಡು ತುಂಡುಗಳನ್ನು ಒಂದು ಮಾಡಿದೆ. ಕೂದಲಿನ ದಪ್ಪವೂ ಇಲ್ಲದ ಆ ಕೆಂಪು ಪದರದ ಮುಂದೆ ಮಾರುದ್ದದ ಪೈಪು ಸಿಕ್ಕಿಸಿಕೊಂಡ ಗಟ್ಟಿಮುಟ್ಟಾದ ಹುಡುಗ ಸೋಲುತ್ತಾನೆ.

ಮಿಸ್ತ್ರಿ ಮೊದಲು ಮಾಡಿದ್ದು ಬಡಿಯುವ ಕೆಲಸ. ಸಣ್ಣ ಸುತ್ತಿಗೆಯಿಂದ ಪ್ಲಗ್ಗಿನ ತಲೆಗೆ ನೇರವಾಗಿ, ಸಿಟ್ಟಿಲ್ಲದ ಏಟುಗಳು. ತಿರುಗಿಸುವುದಕ್ಕಲ್ಲ, ಒಳಗಿನ ಗಟ್ಟಿ ಪದರಕ್ಕೆ ಅಲ್ಲಲ್ಲಿ ಸೀಳು ಬೀಳಲಿ ಅಂತ. ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟಿದ್ದರು, ಅದು ಸುತ್ತಲೂ ಕಪ್ಪಗೆ ಒಣಗಿತ್ತು. ಆಮೇಲೆ ಬ್ಲೋಲ್ಯಾಂಪು ಹಚ್ಚಿದರು. ಅವರು ಕಾಯಿಸಿದ ರೀತಿ ನೋಡುವಂತಿತ್ತು. ಬೆಂಕಿಯನ್ನು ಒಂದೇ ಕಡೆ ಹಿಡಿಯದೆ ಮೊದಲು ಸುತ್ತಲಿನ ಬೀಡಿನ ಮೇಲೆ ಅಗಲವಾಗಿ ಆಡಿಸಿದರು. ಒಂದೇ ಕಡೆ ಕಾದು ಪಕ್ಕದ್ದು ತಣ್ಣಗಿದ್ದರೆ ಬೀಡು ಅಲ್ಲೇ ಬಿಡುತ್ತದೆ. ಆಗಾಗ ಒಂದು ಹನಿ ನೀರು ಚಿಮುಕಿಸಿ ಅದು ಹೇಗೆ ಹಾರುತ್ತದೆ ನೋಡಿ ಕಾವು ಅಂದಾಜು ಮಾಡುತ್ತಿದ್ದರು.

ಇನ್ನೂರು ಡಿಗ್ರಿ ಕಾವು ಏರಿದರೆ ಆ 21 ಮಿಲಿಮೀಟರಿನ ತೂತು ಹಿಗ್ಗುವುದು ಎಷ್ಟು ಗೊತ್ತೇ? ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಅದೂ ಪ್ಲಗ್ಗು ತಣ್ಣಗೇ ಉಳಿದರೆ. ಅದೂ ಕಾದರೆ ಅದೂ ಹಿಗ್ಗುತ್ತದೆ, ಗಳಿಕೆಯೆಲ್ಲ ಕೈತಪ್ಪುತ್ತದೆ. ಆದರೆ ಎರಡೂ ಸಮನಾಗಿ ಕಾಯುವುದಿಲ್ಲ, ಸಮನಾಗಿ ಆರುವುದಿಲ್ಲ. ಒಂದು ಮುಂದೆ ಒಂದು ಹಿಂದೆ. ಈ ಹಿಂದುಮುಂದಿನಲ್ಲಿ ನಡುವಿನ ತುಕ್ಕಿನ ಪದರ ಅತ್ತ ಇತ್ತ ಎಳೆದಾಡಿಸಿಕೊಂಡು ಪುಡಿಯಾಗುತ್ತದೆ. ಹಿಗ್ಗಿದ್ದಕ್ಕಿಂತ ಹೆಚ್ಚಾಗಿ ಒಟ್ಟಿಗೆ ಹಿಗ್ಗದಿರುವುದೇ ಕೆಲಸ ಮಾಡುವುದು.

ಬೆಂಕಿ ಬದಿಗಿಟ್ಟ ಮಿಸ್ತ್ರಿ ಅಂಗಿಯ ಜೇಬಿನಿಂದ ಒಂದು ಮ್ಯಾಣಬತ್ತಿ ತೆಗೆದರು. ಕರೆಂಟು ಹೋದಾಗ ಹಚ್ಚುವ ಅದೇ ಬಿಳಿಯ ಬತ್ತಿ. ಅದರ ಬುಡವನ್ನು ಪ್ಲಗ್ಗಿನ ಅಂಚಿಗೆ, ತಲೆ ಬೀಡನ್ನು ಮುಟ್ಟುವ ಗೆರೆಗೆ ತಾಗಿಸಿದರು. ಸಣ್ಣ ಹೊಗೆ ಎದ್ದಿತು. ಕರಗಿದ ಮೇಣ ಕೆಳಗೆ ಹರಿಯಬೇಕಿತ್ತು. ಸ್ವಲ್ಪ ಹರಿಯಿತು ಕೂಡ. ಆದರೆ ಒಂದು ಹನಿ ಆ ಗೆರೆಯ ಮೇಲೆ ನಿಂತು, ಹೊಳೆದು, ನಾವು ನೋಡುತ್ತಿದ್ದಂತೆಯೇ ಚಪ್ಪಟೆಯಾಗಿ ಇಲ್ಲವಾಯಿತು. ಇನ್ನೊಂದು ಹನಿ. ಅದೂ ಹೋಯಿತು. ಹುಡುಗ ಮೊಬೈಲಿನ ಬೆಳಕು ಬಿಟ್ಟು ಕಣ್ಣು ಕಿರಿದು ಮಾಡಿ ನೋಡಿದ. ಪಾನಾಕ್ಕೆ ಬಗ್ಗದ, ಸೀಮೆಎಣ್ಣೆಗೂ ಬಗ್ಗದ ಒಂದು ಗೆರೆ ಮೇಣವನ್ನು ಕುಡಿಯುತ್ತಿತ್ತು.

ದೀಪದ ಬತ್ತಿಗೆ ಎಣ್ಣೆ ಏರುವುದನ್ನು ದಿನಾ ನೋಡುವ ನಮಗೆ ಇದು ಹೊಸದೇನಲ್ಲ ಅನ್ನಬಹುದು. ನಿಜ, ಒಂದೇ ನಿಯಮ. ಸಂದು ಕಿರಿದಾದಷ್ಟೂ ದ್ರವ ಹೆಚ್ಚು ದೂರ ಏರುತ್ತದೆ. ಜೇಮ್ಸ್ ಜುರಿನ್ ಎಂಬಾತ ಹದಿನೆಂಟನೆಯ ಶತಮಾನದ ಆರಂಭದಲ್ಲೇ ಗಾಜಿನ ಸಣ್ಣ ಕೊಳವೆಗಳನ್ನಿಟ್ಟು ಇದನ್ನು ತೋರಿಸಿದ್ದ. ಆದರೂ ನನಗೆ ಇದು ಉಲ್ಟಾ ಅನ್ನಿಸುತ್ತಲೇ ಇರುತ್ತದೆ. ಬಾಗಿಲು ಕಿರಿದಾದಷ್ಟೂ ಒಳಹೋಗುವುದು ಕಷ್ಟವಾಗಬೇಕು ತಾನೆ? ದ್ರವಕ್ಕೆ ಗೋಡೆಯೇ ಕೈಕೊಟ್ಟು ಎಳೆದುಕೊಳ್ಳುತ್ತದೆ. ಗೋಡೆಗಳು ಹತ್ತಿರವಾದಷ್ಟೂ ಕೈಗಳು ಹೆಚ್ಚು, ಎಳೆಯಬೇಕಾದ ಭಾರ ಕಡಿಮೆ. ಐನ್‌ಸ್ಟೈನ್ 1901ರಲ್ಲಿ ಪ್ರಕಟಿಸಿದ ತನ್ನ ಮೊಟ್ಟಮೊದಲ ಪ್ರಬಂಧದ ವಿಷಯ ಬೆಳಕೂ ಅಲ್ಲ, ಕಾಲವೂ ಅಲ್ಲ. ಇದೇ, ದ್ರವವು ಸಣ್ಣ ಸಂದುಗಳಲ್ಲಿ ಏರುವ ಸಂಗತಿ. ದ್ರವದ ಕಣಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ ಎಂದು ಅಲ್ಲಿಂದ ಲೆಕ್ಕ ಹಾಕಬಹುದೇ ಅಂತ ನೋಡಿದ್ದ. ಮುಂದೆ ಅದು ಏನೂ ಕೆಲಸಕ್ಕೆ ಬಾರದ ಬರಹ ಅಂತ ತಾನೇ ಅಂದುಬಿಟ್ಟ. ಇರಬಹುದು. ಆದರೆ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗನೊಬ್ಬ ಜಗತ್ತಿನ ಕಡೆ ಮೊದಲು ಕೇಳಿದ ಪ್ರಶ್ನೆ ಹನಿ ಯಾಕೆ ಸಂದಿಗೆ ನುಗ್ಗುತ್ತದೆ ಅನ್ನುವುದಾಗಿತ್ತು ಎಂಬುದು ನನಗಂತೂ ಪ್ರಿಯವಾದ ಸಂಗತಿ.

ಮಿಸ್ತ್ರಿ ಪಾನಾ ಹಾಕಿದರು. ಹಾಕಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒತ್ತಿದರು! ಹುಡುಗ ‘ಕಾಕಾ, ಉಲ್ಟಾ’ ಅಂದ. ಅವರು ಉತ್ತರ ಕೊಡಲಿಲ್ಲ. ಅದಕ್ಕೂ ಕಾರಣವಿದೆ. ಬಿಗಿಯುವ ಕಡೆಗೆ ಚೂರು ಕದಲಿದರೂ ಪದರ ಮುರಿದಂತೆಯೇ. ಯಾವ ಕಡೆಗೆ ಕದಲಿತು ಎನ್ನುವುದಕ್ಕೂ ತುಕ್ಕಿಗೂ ಸಂಬಂಧವಿಲ್ಲ. ಆಮೇಲೆ ಈ ಕಡೆಗೆ, ಮತ್ತೆ ಆ ಕಡೆಗೆ. ಕೈಯ ಜೋರು ಏರಲೂ ಇಲ್ಲ, ಇಳಿಯಲೂ ಇಲ್ಲ. ಎಲ್ಲೋ ನಡುವೆ ‘ಟಕ್’ ಅಂತ ಒಂದು ಶಬ್ದ. ಹುಡುಗನ ಮುಖ ಬಿಳಿಚಿತು, ಬ್ಲಾಕು ಹೋಯಿತು ಅಂದುಕೊಂಡ. ಮಿಸ್ತ್ರಿ ಪಾನಾ ತೆಗೆದು ನೆಲಕ್ಕಿಟ್ಟರು. ಬೆರಳಿಗೆ ಚಿಂದಿಬಟ್ಟೆ ಸುತ್ತಿಕೊಂಡು ಪ್ಲಗ್ಗನ್ನು ಬೆರಳಲ್ಲೇ ತಿರುಗಿಸತೊಡಗಿದರು.

ಇಷ್ಟು ವರ್ಷ ಅಲುಗದ್ದು ಕಾಲು ಸುತ್ತು ತಿರುಗಿದ ಕೂಡಲೇ ಬೆರಳಿಗೆ ಬರುವುದು ಹೇಗೆ? ಉದ್ದನೆಯ ಬೋಲ್ಟಾಗಿದ್ದರೆ ಕೊನೆಯ ಸುತ್ತಿನವರೆಗೂ ಕಚ್ಚಾಡುತ್ತ ಬರುತ್ತಿತ್ತು. ಈ ಪ್ಲಗ್ಗು ಇಳಿಜಾರಿನದು. ಒಂದು ಸುತ್ತು ತಿರುಗಿದರೆ 1.8 ಮಿಲಿಮೀಟರು ಹಿಂದೆ ಸರಿಯುತ್ತದೆ, ಹಾಗೆ ಸರಿದಾಗ ಅದರ ಸುತ್ತ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಎಡೆ ಹುಟ್ಟುತ್ತದೆ. ಕಾಲು ಸುತ್ತಿಗೆ ಅದರ ಕಾಲು ಭಾಗ. ಅಷ್ಟೇ ಸಾಕು. ಎಲ್ಲ ಹಲ್ಲುಗಳೂ ಒಟ್ಟಿಗೆ, ಒಂದೇ ಕ್ಷಣದಲ್ಲಿ ಗೋಡೆ ಬಿಟ್ಟಿರುತ್ತವೆ. ಹಿಡಿಯುವಾಗ ಬಿಗಿಯಾಗಿ ಹಿಡಿಯಲೆಂದು ಕೊಟ್ಟ ಇಳಿಜಾರೇ ಬಿಡುವಾಗ ಒಮ್ಮೆಗೇ ಬಿಡುವಂತೆ ಮಾಡುತ್ತದೆ. ಇದನ್ನು ಮೊದಲು ಯೋಚಿಸಿದವರಿಗೆ ಈ ಎರಡನೆಯ ಗುಣವೂ ಹೊಳೆದಿತ್ತೋ, ಪುಕ್ಕಟೆ ಸಿಕ್ಕಿತೋ!

ಕೊನೆಯ ಸುತ್ತು ಬಿಡುತ್ತಿದ್ದಂತೆ ಕೆಂಪು ರಾಡಿ, ಅದರ ಹಿಂದೆಯೇ ಮೊಟ್ಟೆಯ ಸಿಪ್ಪೆಯಂಥ ಸುಣ್ಣದ ಚಕ್ಕೆಗಳು ಬಂದವು. ನಾನು ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸಿ ಬಾಗಿಲ ಬೆಳಕಿಗೆ ಹಿಡಿದೆ. ಹೊರಗಿನ ಒಂದೂವರೆ ಎರಡು ಸುತ್ತು ತುಕ್ಕು ತಿಂದು ಹಲ್ಲೇ ಇಲ್ಲದಂತಾಗಿದ್ದವು. ನೀರಿನ ಕಡೆಯ ಕೊನೆಯ ಸುತ್ತೂ ಹಾಗೆಯೇ, ಕಪ್ಪಗೆ. ನಡುವಿನ ಸುತ್ತುಗಳು ಮಾತ್ರ ಹೊಳೆಯುತ್ತಿದ್ದವು. ಸಫೇದಾದ ಒಣ ಚೂರು, ಎರಡು ಎಳೆ ನಾರು, ಅದರಡಿಯಲ್ಲಿ ಡೈ ಕೊರೆದ ದಿನ ಬಿದ್ದ ಸಣ್ಣ ಸಣ್ಣ ಗೀರುಗಳು ಹಾಗೆಹಾಗೇ. ರಾಜಕೋಟ್‌ನ ಯಾವುದೋ ಕಾರ್ಖಾನೆಯಲ್ಲಿ ಯಾರೋ ಕೊರೆದು ಕೂರಿಸಿದ ಮೇಲೆ ಆ ಲೋಹದ ಮೇಲೆ ಬೆಳಕು ಬಿದ್ದದ್ದು ಈಗಲೇ.

ಅಂದರೆ ಒಂದು ಮೊಳದ ದಾರಿಯಲ್ಲಿ ತುಕ್ಕು ಹಿಡಿದದ್ದು ಹೊರಗಿನ ಬಾಯಿಯಲ್ಲಿ ಒಂದು ಗೇಣಿಗಿಂತ ಕಡಿಮೆ, ಒಳಗಿನ ಬಾಯಿಯಲ್ಲಿ ಅದಕ್ಕಿಂತಲೂ ಕಡಿಮೆ. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಮೊದಲು ಬಂದ ತುಕ್ಕು ಊದಿಕೊಂಡು ಬಾಯಿ ಕಟ್ಟಿತು. ಬಾಯಿ ಕಟ್ಟಿದ ಮೇಲೆ ಹಿಂದೆ ಬರುವವರಿಗೆ ದಾರಿಯಿಲ್ಲ. ನಾರು, ಸಫೇದಾ ಎರಡೂ ಸೇರಿ ಉಳಿದದ್ದನ್ನು ಕಾದವು. ನಮ್ಮನ್ನು ಇಷ್ಟು ಕಾಡಿಸಿದ ಅದೇ ಪದರ ಒಳಗಿನ ಥ್ರೆಡ್ಡನ್ನು ಉಳಿಸಿಯೂ ಇತ್ತು. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬ 1600 ವರ್ಷದಿಂದ ನಿಂತಿರುವುದಕ್ಕೂ ಇಂಥದೇ ಕಾರಣ ಕೊಡುತ್ತಾರೆ. ಅದಕ್ಕೆ ತುಕ್ಕೇ ಹಿಡಿದಿಲ್ಲ ಎನ್ನುವುದು ಸರಿಯಲ್ಲ. ಆ ಕಬ್ಬಿಣದಲ್ಲಿ ರಂಜಕ ಹೆಚ್ಚಿರುವುದರಿಂದ ತೆಳುವಾದ ಗಟ್ಟಿ ಪದರವೊಂದು ಕೂತು ಒಳಗಿನದನ್ನು ಕಾಯುತ್ತಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ಕಂಬದ ಮುಂದೆ ಜನ ಕೈಮುಗಿದು ಬೆರಗಾಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಗಿರಣಿಯ ಮೂಲೆಯ ಪ್ಲಗ್ಗಿಗೆ ಆ ಭಾಗ್ಯವಿಲ್ಲ, ಆದರೆ ಬೆರಗಿನ ಕಾರಣ ಎರಡರಲ್ಲೂ ದೂರದ ನಂಟಿನದೇ.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೇಣದ ಬಿಳಿ ಗುರುತು ಹೊರಗಿನ ಎರಡು ಸುತ್ತು ದಾಟಿರಲಿಲ್ಲ. ಅಷ್ಟೂ ಹನಿ ಕುಡಿದದ್ದು ತುಕ್ಕಿನ ಸೀಳುಗಳು, ದಾರಿಯ ಉಳಿದ ಭಾಗಕ್ಕೆ ಅದು ತಲುಪಿಯೇ ಇಲ್ಲ. ಹಾಗಾದರೆ ಬಿಡಿಸಿದ್ದು ಮೇಣವೇ? ಬೆಂಕಿಯೊಂದೇ ಸಾಕಾಗುತ್ತಿತ್ತು, ಮೇಣ ಬರೀ ನಂಬಿಕೆ ಅನ್ನುವವರೂ ಯಂತ್ರದವರಲ್ಲಿ ಇದ್ದಾರೆ. ಕಾದ ಕಬ್ಬಿಣಕ್ಕೆ ತಣ್ಣನೆಯ ಮೇಣ ಮುಟ್ಟಿಸಿದಾಗ ಪ್ಲಗ್ಗು ಚೂರು ಆರಿ ಕುಗ್ಗುತ್ತದೆ, ಕೆಲಸ ಮಾಡುವುದು ಆ ಕುಗ್ಗುವಿಕೆ ಅನ್ನುವವರೂ ಇದ್ದಾರೆ. ಹಿಡಿದದ್ದು ಹೊರಗಿನ ಎರಡು ಸುತ್ತಿನಲ್ಲೇ ಆದ್ದರಿಂದ ಮೇಣ ಅಲ್ಲಿಗೆ ಮುಟ್ಟಿದ್ದೇ ಸಾಕಾಯಿತು ಅಂತಲೂ ಹೇಳಬಹುದು. ನನ್ನ ಒಲವು ಈ ಮೂರನೆಯದರ ಕಡೆಗೆ. ಮಿಸ್ತ್ರಿಯವರನ್ನೇ ಕೇಳಿದೆ.

“ಮ್ಯಾಣದಿಂದ ಬಂತೇನ್ರಿ, ಬೆಂಕಿಯಿಂದ ಬಂತೇನ್ರಿ?”

“ಬಂತಲ್ರಿ,” ಅಂದರು.

ಹೊಸ ಪ್ಲಗ್ಗು ಹಿತ್ತಾಳೆಯದು. ಕಬ್ಬಿಣದ್ದೇ ಹಾಕಿದರೆ ಮುಂದೊಂದು ದಿನ ಇದೇ ಪಾಡು, ಹಿತ್ತಾಳೆ ಬೀಡಿಗೆ ಅಷ್ಟು ಅಂಟುವುದಿಲ್ಲ, ಹಟ ಮಾಡಿದರೂ ಮೆತ್ತನೆಯದಾದ್ದರಿಂದ ಕೊರೆದು ತೆಗೆಯಲು ಬರುತ್ತದೆ ಎನ್ನುವುದು ಅವರ ಲೆಕ್ಕ. ಎರಡು ಬೇರೆ ಲೋಹ ನೀರಲ್ಲಿ ಕೂಡಿದರೆ ಕಬ್ಬಿಣ ಬೇಗ ಸವೆಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಅಷ್ಟು ದೊಡ್ಡ ಬೀಡಿನ ಮುಂದೆ ಇಷ್ಟೇ ಇಷ್ಟು ಹಿತ್ತಾಳೆ ಮಾಡುವ ಕೇಡು ಲೆಕ್ಕಕ್ಕೆ ಬರುವಷ್ಟಲ್ಲ. ಇಲ್ಲಿ ಪುಸ್ತಕಕ್ಕಿಂತ ಮಿಸ್ತ್ರಿಯ ಮಾತೇ ಸರಿ. ನಾರನ್ನು ಅವರು ಥ್ರೆಡ್ಡು ತಿರುಗುವ ದಿಕ್ಕಿಗೇ ಸುತ್ತಿದರು. ತಿರುವುಮುರುವಾಗಿ ಸುತ್ತಿದರೆ ಬಿಗಿಯುವಾಗ ಎದ್ದು ಹೊರಬರುತ್ತದೆ. ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲಿ, ಆಮೇಲೆ ಪಾನಾ.

ಟಾಕಿಗೆ ನೀರು ತುಂಬಿಸಿದ ಮೇಲೆ ಪ್ಲಗ್ಗಿನ ಅಂಚಿನಲ್ಲಿ ಒಂದು ಹನಿ ಕೂಡಿ ನಿಂತಿತು. ಹುಡುಗ ಪಾನಾ ಎತ್ತಿಕೊಂಡ. ಮಿಸ್ತ್ರಿ ತಡೆದರು.

“ಬಿಡ ಅದನ್ನ. ಸುಣ್ಣದ ನೀರು ಐತಿ, ಬೀಡಿನ ಕಿಲುಬೂ ಕೂಡ್ತೈತಿ. ನಾಕೊಪ್ಪತ್ತಿಗೆ ತಾನ ಕಟ್ಕೊಂತೈತಿ.”

ಹಾಗೆಂದು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡು ಡೀಸೆಲ್ ಪಂಪಿನ ಕಡೆ ತಿರುಗಿದರು. ಅದರೊಳಗಿನ ಪ್ಲಂಜರೂ ಹಿಡಿದುಕೊಂಡು ಕೂತಿತ್ತು.